ಒಂದೇ ಫೋನಿನ ಫೋಟೊಗಳ ಫೈಲ್ ಗಾತ್ರ ಇಷ್ಟೊಂದು ಬೇರೆಬೇರೆಯಾಗಲು ಕಾರಣವೇನು?

ಪ್ರಶ್ನೆ: ಡೊಂಬಿವಲಿಯ ಓದುಗಿ

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಸಂಘವು ವಾರ್ಷಿಕೋತ್ಸವದ ಅಂಗವಾಗಿ ಸ್ಮರಣ ಸಂಚಿಕೆಯೊಂದನ್ನು ಹೊರತರುತ್ತಿದ್ದು, ಅದಕ್ಕೆ ಬೇಕಾದ ಛಾಯಾಚಿತ್ರಗಳನ್ನು ಸದಸ್ಯರಿಂದ ತರಿಸಿಕೊಂಡು ಆರಿಸುವ ಕೆಲಸವನ್ನು ನನಗೆ ವಹಿಸಿದ್ದಾರೆ. ಚಿತ್ರಗಳೆಲ್ಲ ಮೊಬೈಲಿನಲ್ಲಿ ತೆಗೆದವು. ಅವನ್ನು ಕಂಪ್ಯೂಟರಿನಲ್ಲಿ ಒಂದೆಡೆ ಹಾಕಿ ನೋಡಿದಾಗ ಫೈಲ್ ಗಾತ್ರಗಳಲ್ಲಿ ಕಂಡ ಅಂತರ ನನಗೆ ಅರ್ಥವಾಗುತ್ತಿಲ್ಲ.

ಒಬ್ಬರೇ ಸದಸ್ಯರು, ಒಂದೇ ಫೋನಿನಲ್ಲಿ, ಸೆಟ್ಟಿಂಗ್ ಏನನ್ನೂ ಬದಲಿಸದೆ ತೆಗೆದ ಚಿತ್ರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಎಲ್ಲವೂ 4000×3000 ಪಿಕ್ಸೆಲ್‌ಗಳವು. ಮರೀನ್ ಡ್ರೈವಿನಲ್ಲಿ ತೆಗೆದ ಸಂಜೆಯ ಆಕಾಶದ ಚಿತ್ರ 1.5 ಎಂಬಿ ಇದೆ. ಮಳೆಗಾಲದಲ್ಲಿ ಸಂಘದವರು ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದಾಗ ತೆಗೆದ ಕಾಡಿನ ಚಿತ್ರ 7.5 ಎಂಬಿ ಇದೆ. ಇಷ್ಟೇ ಆಗಿದ್ದರೆ ಕಾಡಿನಲ್ಲಿ ವಿವರ ಹೆಚ್ಚು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಊರಿನಿಂದ ಬಂದಿದ್ದ ಮೇಳದ ಯಕ್ಷಗಾನದ ಚಿತ್ರಗಳನ್ನು ನೋಡಿದರೆ, ಮುಕ್ಕಾಲು ಪಾಲು ಬರಿಯ ಕಪ್ಪು ಪರದೆಯೇ ಕಾಣುವ ಒಂದು ಚಿತ್ರ 6 ಎಂಬಿ ಇದೆ. ಹಿಂದಿನ ಸಾಲಿನಲ್ಲಿ ಕುಳಿತು ಜೂಮ್ ಮಾಡಿ ತೆಗೆದ, ವೇಷಧಾರಿಯ ಮುಖವರ್ಣಿಕೆಯೂ ಕಿರೀಟವೂ ಚೌಕಟ್ಟಿನ ತುಂಬ ಇರುವ ಚಿತ್ರ 2 ಎಂಬಿಗೂ ಕಡಿಮೆ ಇದೆ. ಐಫೋನ್ ಇರುವವರು ಕಳುಹಿಸಿದವು ನೋಡಲು ಅಷ್ಟೇ ಚೆನ್ನಾಗಿದ್ದರೂ ಗಾತ್ರದಲ್ಲಿ ಉಳಿದವುಗಳ ಅರ್ಧದಷ್ಟಿವೆ. ಇನ್ನೊಬ್ಬ ಸದಸ್ಯರ ಹೊಸ ಫೋನಿನ ಚಿತ್ರಗಳಾದರೋ ಒಂದೊಂದೂ 15 ಎಂಬಿ ದಾಟಿವೆ.

ಸಮಿತಿಯ ಹಿರಿಯರೊಬ್ಬರು, 5 ಎಂಬಿಗಿಂತ ಕಡಿಮೆ ಇರುವ ಯಾವ ಚಿತ್ರವನ್ನೂ ಅಚ್ಚಿಗೆ ಕಳುಹಿಸುವುದು ಬೇಡ, ದೊಡ್ಡ ಫೈಲ್ ಎಂದರೆ ಒಳ್ಳೆಯ ಚಿತ್ರ ಎಂದು ಹೇಳಿದ್ದಾರೆ. ಅವರ ಮಾತನ್ನು ಹಾಗೆಯೇ ಪಾಲಿಸಿದರೆ ನನಗೆ ಬಹಳ ಇಷ್ಟವಾದ ಹಲವು ಚಿತ್ರಗಳು ಬಿಟ್ಟುಹೋಗುತ್ತವೆ. ಪಿಕ್ಸೆಲ್‌ಗಳ ಸಂಖ್ಯೆ ಒಂದೇ ಆಗಿರುವಾಗ ಗಾತ್ರ ಐದು ಪಟ್ಟು ಬೇರೆಯಾಗುವುದು ಹೇಗೆ? ಗಾತ್ರವನ್ನು ನೋಡಿ ಗುಣಮಟ್ಟವನ್ನು ನಿರ್ಧರಿಸಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.


ಉತ್ತರ: ಕೊಥ್ರೂಡ್ ನಿವಾಸಿ, ಪುಣೆ

ನಮಸ್ಕಾರ ಮೇಡಂ. ಚಿತ್ರಗಳನ್ನು ಸಂಸ್ಕರಿಸುವ ಸಾಫ್ಟ್‌ವೇರ್ ಬರೆಯುವುದೇ ನನ್ನ ಉದ್ಯೋಗವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. 5 ಎಂಬಿಯ ನಿಯಮವನ್ನು ದಯವಿಟ್ಟು ಅನುಸರಿಸಬೇಡಿ. ಫೈಲ್ ಗಾತ್ರವು ಆ ಚಿತ್ರವನ್ನು ಬರೆದಿಡಲು ಎಷ್ಟು ಮಾಹಿತಿ ಬೇಕಾಯಿತು ಎಂಬುದನ್ನು ಮಾತ್ರ ಹೇಳುತ್ತದೆ. ಆ ಮಾಹಿತಿ ನಿಮಗೆ ಬೇಕಾದದ್ದೋ ಬೇಡವಾದದ್ದೋ ಎಂಬುದು ಅದಕ್ಕೆ ಗೊತ್ತಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. 4000×3000 ಎಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳು. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೈಟ್‌ಗಳಂತೆ ಇದ್ದದ್ದನ್ನು ಇದ್ದಂತೆಯೇ ಬರೆದಿಟ್ಟರೆ ಪ್ರತಿಯೊಂದು ಚಿತ್ರವೂ 36 ಎಂಬಿ ಆಗಬೇಕು. ಆಕಾಶವಾದರೂ ಅಷ್ಟೇ, ಕಾಡಾದರೂ ಅಷ್ಟೇ. ನಿಮ್ಮ ಫೈಲ್‌ಗಳು 1.5 ಮತ್ತು 7.5 ಎಂಬಿಗೆ ಇಳಿದಿರುವುದು ಜೆಪೆಗ್ ಎಂಬ ಕಂಪ್ರೆಶನ್ ವಿಧಾನದಿಂದ. ಅಂದರೆ ಪಿಕ್ಸೆಲ್ಲೊಂದಕ್ಕೆ 24 ಬಿಟ್ (ಬೈಟಿಗೆ ಎಂಟು ಬಿಟ್) ಬೇಕಾಗಿದ್ದ ಕಡೆ ಆಕಾಶದ ಚಿತ್ರದಲ್ಲಿ ಸರಾಸರಿ ಒಂದೇ ಒಂದು ಬಿಟ್ ಸಾಕಾಗಿದೆ, ಕಾಡಿನ ಚಿತ್ರದಲ್ಲಿ ಐದು ಬಿಟ್ ಬೇಕಾಗಿದೆ. ಅಂತರ ಹುಟ್ಟುವುದು ಇಲ್ಲಿಯೇ.

1992ರಲ್ಲಿ ಮಾನಕವಾದ ಜೆಪೆಗ್ ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದಾಗಿ ಅದು ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸಲಾರದು. ಆದ್ದರಿಂದ ಬಹುತೇಕ ಫೋನುಗಳು ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸಿಬಿಡುತ್ತವೆ. ಇಷ್ಟರಿಂದಲೇ 36 ಎಂಬಿ 18 ಎಂಬಿಗೆ ಬರುತ್ತದೆ. ಇದು ಎಲ್ಲ ಚಿತ್ರಗಳಿಗೂ ಸಮಾನ.

ಎರಡನೆಯ ಹಂತದಲ್ಲಿ ಚಿತ್ರವನ್ನು ಎಂಟಕ್ಕೆಂಟು ಪಿಕ್ಸೆಲ್‌ಗಳ ಚಿಕ್ಕ ಚೌಕಗಳಾಗಿ ಕತ್ತರಿಸಲಾಗುತ್ತದೆ. ನಿಮ್ಮ ಚಿತ್ರದಲ್ಲಿ ಅಂಥ 1,87,500 ಚೌಕಗಳಿರುತ್ತವೆ. ಪ್ರತಿ ಚೌಕದ 64 ಬೆಲೆಗಳನ್ನು ಹಾಗೆಯೇ ಇಡುವ ಬದಲು, ಈ ಚೌಕದ ಸರಾಸರಿ ಬೆಳಕು ಎಷ್ಟು, ಎಡದಿಂದ ಬಲಕ್ಕೆ ಅದು ನಿಧಾನವಾಗಿ ಎಷ್ಟು ಬದಲಾಗುತ್ತದೆ, ಬೇಗಬೇಗ ಎಷ್ಟು ಬದಲಾಗುತ್ತದೆ ಎಂಬ ಬೇರೆ 64 ಸಂಖ್ಯೆಗಳಾಗಿ ಪರಿವರ್ತಿಸುತ್ತಾರೆ. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಈ ಗಣಿತವನ್ನು ರೂಪಿಸಿದ ನಾಸಿರ್ ಅಹ್ಮದ್ ಅವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅನಂತರ ಅಮೆರಿಕಕ್ಕೆ ಹೋದವರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅವರು ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಜಗತ್ತಿನ ಬಹುಪಾಲು ಡಿಜಿಟಲ್ ಚಿತ್ರಗಳೂ ವಿಡಿಯೊಗಳೂ ಇಂದಿಗೂ ಆ ಗಣಿತದ ಮೇಲೆಯೇ ನಿಂತಿವೆ ಎಂಬುದನ್ನು ಕನ್ನಡ ನಾಡಿನವರು ಇನ್ನಷ್ಟು ತಿಳಿದಿರಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಮೂರನೆಯ ಹಂತದಲ್ಲಿ ಆ 64 ಸಂಖ್ಯೆಗಳನ್ನು ಒಂದು ಕೋಷ್ಟಕದಲ್ಲಿರುವ ಸಂಖ್ಯೆಗಳಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಪಡಿಸುತ್ತಾರೆ. ಚೌಕದೊಳಗಿನ ಅತಿ ಸೂಕ್ಷ್ಮ ಏರಿಳಿತಗಳನ್ನು ಹೇಳುವ ಸಂಖ್ಯೆಗಳನ್ನು ದೊಡ್ಡ ಭಾಜಕದಿಂದ ಭಾಗಿಸುವುದರಿಂದ ಅವುಗಳಲ್ಲಿ ಬಹಳಷ್ಟು ಸೊನ್ನೆಯಾಗುತ್ತವೆ. ಜೆಪೆಗ್ ಮಾಹಿತಿಯನ್ನು ನಿಜವಾಗಿ ಕೈಬಿಡುವುದು ಮುಖ್ಯವಾಗಿ ಇಲ್ಲಿ. ಮರೀನ್ ಡ್ರೈವಿನ ಆಕಾಶದ ಒಂದು ಚೌಕವನ್ನು ತೆಗೆದುಕೊಂಡರೆ, ಸರಾಸರಿ ಬೆಳಕನ್ನು ಹೇಳುವ ಒಂದು ಸಂಖ್ಯೆ, ಕೆಳಗಿನಿಂದ ಮೇಲಕ್ಕೆ ಕಿತ್ತಳೆ ಬಣ್ಣ ತೆಳುವಾಗುವುದನ್ನು ಹೇಳುವ ಇನ್ನೊಂದೆರಡು ಸಂಖ್ಯೆಗಳು ಉಳಿದು, ಮಿಕ್ಕ ಅರುವತ್ತೂ ಸೊನ್ನೆಯಾಗಿರುತ್ತವೆ. 'ಇಲ್ಲಿಂದ ಮುಂದೆ ಎಲ್ಲವೂ ಸೊನ್ನೆ' ಎಂದು ಒಂದೇ ಚಿಕ್ಕ ಸಂಕೇತದಲ್ಲಿ ಬರೆದು ಮುಗಿಸಬಹುದು. ಕಾಡಿನ ಚೌಕದಲ್ಲಿ ಒಂದು ಎಲೆಯ ಅಂಚು, ಅದರ ಮೇಲಿನ ನೀರಹನಿಯ ಹೊಳಪು, ಹಿಂದಿನ ಕೊಂಬೆಯ ನೆರಳು ಇವೆಲ್ಲ ಎಂಟು ಪಿಕ್ಸೆಲ್‌ಗಳ ಅಗಲದಲ್ಲಿ ಒತ್ತಾಗಿ ಸೇರಿರುವುದರಿಂದ ಭಾಗಿಸಿದ ಮೇಲೂ ಇಪ್ಪತ್ತೋ ಮೂವತ್ತೋ ಸಂಖ್ಯೆಗಳು ಉಳಿದುಕೊಳ್ಳುತ್ತವೆ, ಅವನ್ನೆಲ್ಲ ಬರೆಯಲೇಬೇಕಾಗುತ್ತದೆ.

ಸಾಮಾನ್ಯವಾಗಿ ಫೋನ್ ತಯಾರಕರು ಫೋಟೊಗಳಿಗೆ ಈ ಭಾಜಕಗಳ ಕೋಷ್ಟಕವನ್ನು, ಅಂದರೆ ಗುಣಮಟ್ಟದ ಮಟ್ಟವನ್ನು, ನಿಗದಿಪಡಿಸಿ ಗಾತ್ರವನ್ನು ಅದರ ಪಾಡಿಗೆ ಬಿಟ್ಟಿರುತ್ತಾರೆ. ವಿಡಿಯೊದಲ್ಲಿ ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾದ ಕ್ರಮವಿದೆ: ಸೆಕೆಂಡಿಗೆ ಇಷ್ಟು ಬಿಟ್ ಎಂಬ ಗುರಿಯನ್ನು ಮೊದಲೇ ಇಟ್ಟುಕೊಂಡು ಗುಣಮಟ್ಟವನ್ನು ಅದಕ್ಕೆ ಹೊಂದಿಸುತ್ತಾರೆ. ನಿಮ್ಮ ಫೋನಿನ ಒಂದು ನಿಮಿಷದ ವಿಡಿಯೊಗಳು ಏನನ್ನು ತೆಗೆದರೂ ಸುಮಾರಾಗಿ ಒಂದೇ ಗಾತ್ರದಲ್ಲಿರುವುದನ್ನೂ ಫೋಟೊಗಳು ಹಾಗಿಲ್ಲದಿರುವುದನ್ನೂ ಹೋಲಿಸಿ ನೋಡಿದರೆ ಈ ವ್ಯತ್ಯಾಸ ಕಾಣುತ್ತದೆ.

ಇನ್ನು ನಿಮ್ಮ ಕಪ್ಪು ಪರದೆಯ ವಿಚಾರ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಮೌಲ್ಯದ್ದೆಂದು ತೋರಿದ ಅಂಶ ಇದೇ. ಬೆಳಕು ಕಡಿಮೆ ಇದ್ದಾಗ ಸೆನ್ಸರಿಗೆ ಸಿಕ್ಕಿದ ದುರ್ಬಲ ಸಂಕೇತವನ್ನು ಫೋನು ಹಲವು ಪಟ್ಟು ಹಿಗ್ಗಿಸಬೇಕಾಗುತ್ತದೆ. ಸಂಕೇತದೊಂದಿಗೆ ಅದರಲ್ಲಿರುವ ಅಡ್ಡಾದಿಡ್ಡಿ ಏರಿಳಿತವೂ ಹಿಗ್ಗುತ್ತದೆ. ಇದನ್ನೇ ನಾಯ್ಸ್ ಎನ್ನುವುದು. ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಪರದೆಯ ಭಾಗವನ್ನು ಪೂರ್ತಿ ಹಿಗ್ಗಿಸಿ ನೋಡಿ. ದೂರದಿಂದ ಒಂದೇ ಕಪ್ಪಾಗಿ ಕಂಡದ್ದು ಹತ್ತಿರದಲ್ಲಿ ಬೂದು, ನೇರಳೆ, ಹಸಿರು ಚುಕ್ಕೆಗಳಿಂದ ತುಂಬಿರುತ್ತದೆ. ಪಕ್ಕಪಕ್ಕದ ಎರಡು ಚುಕ್ಕೆಗಳಿಗೆ ಯಾವ ಸಂಬಂಧವೂ ಇರುವುದಿಲ್ಲ. ಕ್ರಮವೇ ಇಲ್ಲದ್ದನ್ನು ಯಾವ ಗಣಿತವೂ ಚಿಕ್ಕದಾಗಿ ಬರೆಯಲಾರದು. ಆದ್ದರಿಂದ ಆ 6 ಎಂಬಿಯ ಬಹುಭಾಗ ಪರದೆಯ ಮೇಲೆ ಇಲ್ಲದೇ ಇರುವ ಚುಕ್ಕೆಗಳನ್ನು ನಿಷ್ಠೆಯಿಂದ ಬರೆದಿಡಲು ಖರ್ಚಾಗಿದೆ.

ಅದೇ ರಂಗಸ್ಥಳವನ್ನು ನೈಟ್ ಮೋಡ್‌ನಲ್ಲಿ ತೆಗೆದಿದ್ದರೆ ಫೈಲ್ ಚಿಕ್ಕದಾಗುವ ಸಾಧ್ಯತೆ ಹೆಚ್ಚು. ಆಗ ಫೋನು ಒಂದರ ಹಿಂದೆ ಒಂದರಂತೆ ಹಲವು ಚಿತ್ರಗಳನ್ನು ತೆಗೆದು ಅವುಗಳ ಸರಾಸರಿಯನ್ನು ಕೊಡುತ್ತದೆ. ಒಂಬತ್ತು ಚಿತ್ರಗಳನ್ನು ಸೇರಿಸಿದರೆ ಅಡ್ಡಾದಿಡ್ಡಿ ನಾಯ್ಸ್ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗಾತ್ರವೂ ಕಡಿಮೆ, ಚಿತ್ರವೂ ಮೇಲು. ಆದರೆ ಕುಣಿಯುತ್ತಿರುವ ವೇಷಧಾರಿಗೆ ಈ ಉಪಾಯ ಒಗ್ಗುವುದಿಲ್ಲ; ಕೈಕಾಲುಗಳು ಕಲಸಿಹೋಗುತ್ತವೆ.

ಜೂಮ್ ಮಾಡಿದ ಚಿತ್ರ 2 ಎಂಬಿಗಿಂತ ಕಡಿಮೆ ಇರುವುದಕ್ಕೆ ಕಾರಣ ಬೇರೆ. ಫೋನಿನಲ್ಲಿ ಆ ದೂರಕ್ಕೆ ತಕ್ಕ ಟೆಲಿ ಲೆನ್ಸ್ ಇಲ್ಲದಿದ್ದರೆ ಜೂಮ್ ಎಂದರೆ ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸುವುದು ಅಷ್ಟೇ. ನಾಲ್ಕು ಪಟ್ಟು ಜೂಮ್ ಮಾಡಿದರೆ ಬಳಕೆಯಾಗುವುದು ಹದಿನಾರನೆಯ ಒಂದು ಭಾಗ, ಅಂದರೆ 1 ಕೋಟಿ 20 ಲಕ್ಷದಲ್ಲಿ ಏಳೂವರೆ ಲಕ್ಷ ಪಿಕ್ಸೆಲ್‌ಗಳು ಮಾತ್ರ. ಉಳಿದವನ್ನು ಫೋನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಊಹಿಸಿ ತುಂಬಿಸುತ್ತದೆ. ಹಾಗೆ ತುಂಬಿದ ಚಿತ್ರ ನಯವಾಗಿರುತ್ತದೆ, ನಯವಾದದ್ದು ಚೆನ್ನಾಗಿ ಕುಗ್ಗುತ್ತದೆ. ಪಿಕ್ಸೆಲ್ ಸಂಖ್ಯೆ ಮಾತ್ರ 4000×3000 ಎಂದೇ ತೋರಿಸುತ್ತಿರುತ್ತದೆ.

ಹೀಗಾಗಿ ನಿಮ್ಮ ಮುಂದೆ ಎರಡು ಬಗೆಯ ಚಿಕ್ಕ ಫೈಲ್‌ಗಳಿವೆ. ಆಕಾಶದ್ದು ಚಿಕ್ಕದಾಗಿರುವುದು ದೃಶ್ಯವೇ ಸರಳವಾಗಿರುವುದರಿಂದ, ಅದು ಉತ್ತಮ ಚಿತ್ರ. ಜೂಮ್ ಮಾಡಿದ್ದು ಚಿಕ್ಕದಾಗಿರುವುದು ವಿವರ ಸೆರೆಯಾಗದೇ ಇರುವುದರಿಂದ. ಇವೆರಡನ್ನು ಬೇರ್ಪಡಿಸಲು ಎಂಬಿ ನೋಡಿ ಪ್ರಯೋಜನವಿಲ್ಲ. ಚಿತ್ರವನ್ನು ನೂರಕ್ಕೆ ನೂರು ಅಳತೆಯಲ್ಲಿ ತೆರೆದು ಕಣ್ಣಿನಿಂದಲೇ ನೋಡಬೇಕು.


ಉತ್ತರ: ಮುಲುಂಡ್‌ನಿಂದ ಒಬ್ಬರು

ಕೊಥ್ರೂಡ್‌ನವರ ವಿವರಣೆಗೆ ಫೋನಿನ ಬಗೆಗಳಿಗೆ ಸಂಬಂಧಿಸಿದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಬೇರೆಬೇರೆ ಫೋನುಗಳ ಹೋಲಿಕೆಯೂ ಇದೆ.

ಐಫೋನ್ ಚಿತ್ರಗಳು ಅರ್ಧದಷ್ಟಿರುವುದು ಅವು ಜೆಪೆಗ್ ಅಲ್ಲದಿರುವುದರಿಂದ. ಫೈಲಿನ ಹೆಸರಿನ ಕೊನೆಯಲ್ಲಿ ಹೆಚ್‌ಇಐಸಿ ಎಂದಿದೆಯೇ ನೋಡಿ. 2017ರಲ್ಲಿ ಐಒಎಸ್ 11 ಬಂದಂದಿನಿಂದ ಹೊಸ ಐಫೋನುಗಳು ಈ ರೂಪದಲ್ಲಿಯೇ ಚಿತ್ರಗಳನ್ನು ಉಳಿಸುತ್ತಿವೆ. ಇದರೊಳಗೆ ಇರುವುದು 2013ರಲ್ಲಿ ಸಿದ್ಧವಾದ ಹೆಚ್‌ಇವಿಸಿ ಎಂಬ ವಿಡಿಯೊ ಕಂಪ್ರೆಶನ್ ವಿಧಾನ. ಜೆಪೆಗ್ ಎಲ್ಲೆಡೆಯೂ ಎಂಟಕ್ಕೆಂಟರ ಚೌಕವನ್ನೇ ಬಳಸಿದರೆ ಇದು ದೃಶ್ಯಕ್ಕೆ ತಕ್ಕಂತೆ ದೊಡ್ಡ, ಚಿಕ್ಕ ಚೌಕಗಳನ್ನು ಆರಿಸಿಕೊಳ್ಳುತ್ತದೆ. ಜೊತೆಗೆ ಒಂದು ಚೌಕ ಹೇಗಿರಬಹುದೆಂದು ಪಕ್ಕದ ಚೌಕಗಳಿಂದ ಮೊದಲು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆಯುತ್ತದೆ. ಅದರಿಂದ ಸರಿಸುಮಾರು ಅದೇ ಗುಣಮಟ್ಟ ಅರ್ಧ ಗಾತ್ರದಲ್ಲಿ ಸಿಗುತ್ತದೆ. ಹಿರಿಯರ 5 ಎಂಬಿ ನಿಯಮ ಮೊದಲು ಅನ್ಯಾಯ ಮಾಡುವುದು ಈ ಚಿತ್ರಗಳಿಗೇ.

15 ಎಂಬಿಯ ಚಿತ್ರಗಳಿಗೆ ಬಹುಶಃ 50 ಮೆಗಾಪಿಕ್ಸೆಲ್ ಸೆನ್ಸರ್ ಕಾರಣವಿರಬೇಕು. ಅಂಥ ಫೋನುಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿಸಿ 12.5 ಮೆಗಾಪಿಕ್ಸೆಲ್‌ಗಳ ಚಿತ್ರವನ್ನು ಕೊಡುತ್ತವೆ. 108 ಮೆಗಾಪಿಕ್ಸೆಲ್‌ನವು ಒಂಬತ್ತನ್ನು ಒಂದಾಗಿಸಿ 12 ಕೊಡುತ್ತವೆ. ನಿಮ್ಮ ಸದಸ್ಯರು ಪೂರ್ಣ 50 ಮೆಗಾಪಿಕ್ಸೆಲ್ ಆಯ್ಕೆಯನ್ನು ಒತ್ತಿಟ್ಟಿರಬಹುದು. ಒಳ್ಳೆಯ ಬಿಸಿಲಿನಲ್ಲಿ ಅದರಿಂದ ಸ್ವಲ್ಪ ಲಾಭವಿದೆ. ಆದರೆ ಆ ಸೆನ್ಸರುಗಳಲ್ಲಿ ನಾಲ್ಕು ಪಿಕ್ಸೆಲ್‌ಗಳ ಗುಂಪಿಗೆ ಒಂದೇ ಬಣ್ಣದ ಫಿಲ್ಟರ್ ಇರುವುದರಿಂದ ಗಾತ್ರ ಹೆಚ್ಚಾದಷ್ಟು ವಿವರ ಹೆಚ್ಚುವುದಿಲ್ಲ. ಸಭಾಂಗಣದ ಒಳಗಿನ ಬೆಳಕಿನಲ್ಲಂತೂ ನಷ್ಟವೇ ಹೆಚ್ಚು.

ಇನ್ನೊಂದು ಕಾರಣವೂ ಇರಬಹುದು. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಮೋಶನ್ ಫೋಟೊ ಎಂಬ ಆಯ್ಕೆ ತೆರೆದಿದ್ದರೆ ಕೆಲವೇ ಸೆಕೆಂಡುಗಳ ಒಂದು ವಿಡಿಯೊ ಆ ಜೆಪೆಗ್ ಫೈಲಿನ ಹೊಟ್ಟೆಯೊಳಗೇ ಸೇರಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಅದು ಸಾಮಾನ್ಯ ಚಿತ್ರದಂತೆಯೇ ತೆರೆಯುತ್ತದೆ, ವಿಡಿಯೊ ಇರುವುದು ಗೊತ್ತೇ ಆಗುವುದಿಲ್ಲ, ಗಾತ್ರ ಮಾತ್ರ ಕೆಲವು ಎಂಬಿ ಹೆಚ್ಚಿರುತ್ತದೆ. ಐಫೋನಿನ ಲೈವ್ ಫೋಟೊದಲ್ಲಿ ವಿಡಿಯೊ ಪ್ರತ್ಯೇಕ ಫೈಲಾಗಿರುತ್ತದೆ. ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದ ಚಿತ್ರದೊಂದಿಗೆ ಯಾವುದು ಹತ್ತಿರ, ಯಾವುದು ದೂರ ಎಂದು ಹೇಳುವ ನಕ್ಷೆಯೂ ಉಳಿಯುತ್ತದೆ. 2023ರ ಆಂಡ್ರಾಯ್ಡ್ 14ರಿಂದೀಚೆಗೆ ಬಂದ ಅಲ್ಟ್ರಾ ಹೆಚ್‌ಡಿಆರ್ ಚಿತ್ರಗಳಲ್ಲಿ ಯಾವ ಭಾಗವನ್ನು ಎಷ್ಟು ಪ್ರಕಾಶಮಾನವಾಗಿ ತೋರಿಸಬೇಕೆಂಬ ಎರಡನೆಯ ಚಿತ್ರವೊಂದು ಅಡಗಿರುತ್ತದೆ. ಅಚ್ಚಿನ ಕಾಗದಕ್ಕೆ ಇವುಗಳಲ್ಲಿ ಯಾವುದರ ಉಪಯೋಗವೂ ಇಲ್ಲ. ದಿನಾಂಕ, ಸ್ಥಳ, ಕ್ಯಾಮೆರಾ ವಿವರಗಳು ಕೆಲವು ಕೆಬಿಗಳಷ್ಟೇ, ಅವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.


ಉತ್ತರ: ವಾಶಿ ವಾಚಕ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತೇನೆ. ಆದರೂ ಹಿರಿಯರ ಅನುಭವವನ್ನು ಪೂರ್ತಿಯಾಗಿ ತಳ್ಳಿಹಾಕುವುದು ಸರಿಯೆಂದು ನನಗೆ ತೋರುವುದಿಲ್ಲ. ಮಕ್ಕಳ ನೃತ್ಯವನ್ನು ನಾನು ಶಟರ್ ಒತ್ತಿಹಿಡಿದು ಒಂದೇ ಸಮನೆ ತೆಗೆದಾಗ, ಆ ಸಾಲಿನಲ್ಲಿ ದೊಡ್ಡ ಗಾತ್ರದ ಚಿತ್ರವೇ ಹೆಚ್ಚು ಸಲ ಸ್ಪಷ್ಟವಾಗಿರುತ್ತದೆ. ಗಾತ್ರಕ್ಕೂ ಗುಣಕ್ಕೂ ಸಂಬಂಧವೇ ಇಲ್ಲದಿದ್ದರೆ ಹೀಗೇಕಾಗುತ್ತದೆ?


ಉತ್ತರ: ಕೊಥ್ರೂಡ್ ನಿವಾಸಿ, ಪುಣೆ

ವಾಶಿಯವರ ಅವಲೋಕನ ಸರಿಯಾಗಿದೆ, ಅದಕ್ಕೆ ಕಾರಣವೂ ಇದೆ. ಒಂದೇ ಸಾಲಿನಲ್ಲಿ ತೆಗೆದ ಚಿತ್ರಗಳಲ್ಲಿ ದೃಶ್ಯ, ಬೆಳಕು, ಫೋನು, ಸೆಟ್ಟಿಂಗ್ ಎಲ್ಲವೂ ಒಂದೇ ಆಗಿದ್ದು ಬದಲಾಗುವುದು ಕೈಯ ನಡುಕ ಮತ್ತು ಫೋಕಸ್ ಮಾತ್ರ. ಕೈ ಅಲುಗಿದರೆ ಅಂಚುಗಳು ಹರಡಿ ಮಸುಕಾಗುತ್ತವೆ, ಚೌಕದೊಳಗಿನ ಸೂಕ್ಷ್ಮ ಸಂಖ್ಯೆಗಳು ಸೊನ್ನೆಯಾಗುತ್ತವೆ, ಫೈಲ್ ಚಿಕ್ಕದಾಗುತ್ತದೆ. ಆದ್ದರಿಂದ ಅಂಥ ಸಾಲಿನೊಳಗೆ ಅತಿ ದೊಡ್ಡ ಫೈಲನ್ನು ಮೊದಲು ತೆರೆದು ನೋಡುವುದು ಸಮಯ ಉಳಿಸುವ ಒಳ್ಳೆಯ ಅಭ್ಯಾಸ. ಆದರೆ ಈ ಹೋಲಿಕೆ ಆ ಸಾಲಿನ ಹೊರಗೆ ನಿಲ್ಲುವುದಿಲ್ಲ. ಬೆಳಗಿನ ಸಿಂಹಗಡದ ಚಿತ್ರವನ್ನು ರಾತ್ರಿಯ ಸಭಾಂಗಣದ ಚಿತ್ರದೊಂದಿಗೆ ಎಂಬಿಯಲ್ಲಿ ತೂಗಿ ನೋಡಿದರೆ ಏನೂ ತಿಳಿಯುವುದಿಲ್ಲ.


ಉತ್ತರ: ಪಣಜಿಯ ಮುದ್ರಣದವ

ಪಣಜಿಯ ಮುದ್ರಣಾಲಯವೊಂದರಲ್ಲಿ ಪುಟವಿನ್ಯಾಸದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸ್ಮರಣ ಸಂಚಿಕೆಗಳು ನಮ್ಮಲ್ಲಿಗೆ ಬರುತ್ತಲೇ ಇರುವುದರಿಂದ ಅಚ್ಚಿನ ಕಡೆಯಿಂದ ಏನು ನೋಡುತ್ತೇವೆ ಎಂಬುದನ್ನು ಹೇಳುತ್ತೇನೆ.

ಒಳ್ಳೆಯ ಕಾಗದದ ಮೇಲೆ ಅಚ್ಚು ಮಾಡುವಾಗ ಇಂಚಿಗೆ 300 ಪಿಕ್ಸೆಲ್ ಎಂಬುದು ನಮ್ಮ ಸಾಮಾನ್ಯ ಲೆಕ್ಕ. ನಿಮ್ಮ 4000×3000ರ ಚಿತ್ರವನ್ನು ಈ ಲೆಕ್ಕದಲ್ಲಿ 13.3 ಇಂಚು ಅಗಲ, 10 ಇಂಚು ಎತ್ತರದವರೆಗೆ ಅಚ್ಚು ಮಾಡಬಹುದು. ಎ4 ಪುಟವನ್ನು ಪೂರ್ತಿ ತುಂಬಿಸಲು 2480×3508 ಪಿಕ್ಸೆಲ್ ಸಾಕು. ಆದ್ದರಿಂದ ಮರೀನ್ ಡ್ರೈವಿನ 1.5 ಎಂಬಿಯ ಆಕಾಶವನ್ನು ರಕ್ಷಾಪುಟಕ್ಕೆ ಕೊಟ್ಟರೂ ನಮಗೆ ಯಾವ ಆಕ್ಷೇಪವೂ ಇಲ್ಲ. ಜೂಮ್ ಮಾಡಿದ ವೇಷಧಾರಿಯ ಚಿತ್ರವನ್ನು ಮೂರು ಇಂಚಿನಷ್ಟು ಚಿಕ್ಕದಾಗಿ ಹಾಕಿದರೆ ಅದೂ ನಡೆಯುತ್ತದೆ. ಪೂರ್ಣಪುಟಕ್ಕೆ ಹಿಗ್ಗಿಸಿದರೆ ಮುಖವರ್ಣಿಕೆಯ ಸಣ್ಣ ಗೆರೆಗಳು, ಕಿರೀಟದ ಕುಸುರಿ ಎಲ್ಲವೂ ಮೇಣ ಕರಗಿದಂತೆ ಕಾಣುತ್ತವೆ.

ನನ್ನನ್ನು ನಿಜವಾಗಿ ಕಾಡುವುದು ವಾಟ್ಸ್‌ಆ್ಯಪ್ ಮೂಲಕ ಬಂದ ಚಿತ್ರಗಳು. ಫೋಟೊ ಎಂದು ಮಾಮೂಲಾಗಿ ಕಳುಹಿಸಿದರೆ ಅದು ಚಿತ್ರದ ಉದ್ದನೆಯ ಬದಿಯನ್ನು ಸಾಮಾನ್ಯವಾಗಿ 1600 ಪಿಕ್ಸೆಲ್‌ಗಳಿಗೆ ಇಳಿಸಿ, ಅದರ ಮೇಲೆ ಬಿಗಿಯಾದ ಕಂಪ್ರೆಶನ್ ಹಾಕಿ, ದಿನಾಂಕ ಮತ್ತು ಸ್ಥಳದ ವಿವರಗಳನ್ನೂ ತೆಗೆದುಹಾಕುತ್ತದೆ. 5 ಎಂಬಿ ಇದ್ದದ್ದು ಎರಡು ಮೂರು ನೂರು ಕೆಬಿಗೆ ಬಂದು ನಿಲ್ಲುತ್ತದೆ. 1600 ಪಿಕ್ಸೆಲ್ ಎಂದರೆ ಅಚ್ಚಿನಲ್ಲಿ 5.3 ಇಂಚು, ಅದಕ್ಕಿಂತ ದೊಡ್ಡದು ಬೇಕಾದರೆ ಆ ಫೈಲಿನಿಂದ ಸಾಧ್ಯವಿಲ್ಲ. 2023ರಲ್ಲಿ ಬಂದ ಹೆಚ್‌ಡಿ ಆಯ್ಕೆಯಿಂದ ಪರಿಸ್ಥಿತಿ ಸುಧಾರಿಸಿದೆಯಾದರೂ ಅದರಲ್ಲಿಯೂ ಚಿತ್ರ ಮತ್ತೆ ಕಂಪ್ರೆಸ್ ಆಗುತ್ತದೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲ ಫೈಲ್ ಒಂದು ಬೈಟೂ ಬದಲಾಗದೆ ತಲುಪುತ್ತದೆ. ನಿಮ್ಮ ಸದಸ್ಯರಿಗೆ ಈ ಒಂದು ಸೂಚನೆಯನ್ನು ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಕೋರಿಕೆ. ಚಿಕ್ಕ ಫೈಲನ್ನು ಯಾವುದಾದರೂ ಆ್ಯಪ್‌ನಲ್ಲಿ ತೆರೆದು ಹೆಚ್ಚಿನ ಗುಣಮಟ್ಟದಲ್ಲಿ ಮತ್ತೆ ಉಳಿಸಿದರೆ ಎಂಬಿ ಹೆಚ್ಚುತ್ತದೆ. ಒಮ್ಮೆ ಸೊನ್ನೆಯಾದ ಸಂಖ್ಯೆಗಳು ಇದರಿಂದ ಹಿಂದಿರುಗುವುದಿಲ್ಲ. ಕೆಟ್ಟ ಚಿತ್ರವೇ ಹೆಚ್ಚು ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಸಮಿತಿಯು 5 ಎಂಬಿ ನಿಯಮವನ್ನು ಪ್ರಕಟಿಸಿದರೆ ಸದಸ್ಯರು ಇದನ್ನೇ ಮಾಡಿ ಕಳುಹಿಸುತ್ತಾರೆ ಎಂಬುದು ನನ್ನ ಆತಂಕ. ಅಂಥ ಫೈಲ್‌ಗಳನ್ನು ಗುರುತಿಸುವುದು ನಮಗೂ ಕಷ್ಟ.


ಪ್ರತಿಕ್ರಿಯೆ: ಡೊಂಬಿವಲಿಯ ಓದುಗಿ

ಇಷ್ಟು ಶ್ರದ್ಧೆಯಿಂದ ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಓದಿದ್ದನ್ನು ಕಣ್ಣಾರೆ ನೋಡಬೇಕೆನಿಸಿ ನಮ್ಮ ಅಡುಗೆಮನೆಯಲ್ಲಿಯೇ ಪರೀಕ್ಷಿಸಿದೆ. ಸ್ಟೀಲಿನ ತಟ್ಟೆಯೊಂದರ ತುಂಬ ಸಾಸಿವೆಯನ್ನು ಹರಡಿ, ಕಿಟಕಿಯ ಬೆಳಕಿನಲ್ಲಿ, ಫೋನನ್ನು ಡಬ್ಬಿಗಳ ನಡುವೆ ಅಲುಗಾಡದಂತೆ ನಿಲ್ಲಿಸಿ ಚಿತ್ರ ತೆಗೆದೆ. ಕಾಳುಗಳೆಲ್ಲ ಸ್ಪಷ್ಟವಾಗಿ ಬಂದ ಚಿತ್ರ 6 ಎಂಬಿಗಿಂತ ಹೆಚ್ಚಿತ್ತು. ಲೆನ್ಸಿನ ಹತ್ತಿರ ಬೆರಳು ಹಿಡಿದು ಫೋಕಸ್ ಅಲ್ಲಿಗೆ ಬರುವಂತೆ ಮಾಡಿ, ಅದನ್ನು ಅಲ್ಲಿಯೇ ಲಾಕ್ ಮಾಡಿ, ಬೆರಳು ತೆಗೆದು ಅದೇ ತಟ್ಟೆಯನ್ನು ತೆಗೆದಾಗ ಕಾಳುಗಳು ಒಂದಕ್ಕೊಂದು ಕಲೆತು ಕಂದು ಮಬ್ಬಾಗಿ ಕಂಡವು, ಫೈಲ್ 2 ಎಂಬಿಯ ಒಳಗೆ ಬಂತು. ಸಾಸಿವೆಯನ್ನು ಡಬ್ಬಿಗೆ ಹಾಕಿ ಬರಿಯ ತಟ್ಟೆಯನ್ನು ತೆಗೆದರೆ ಅದೂ ಸುಮಾರು ಅಷ್ಟೇ. ಸಂಜೆ ಕತ್ತಲಾದ ಮೇಲೆ, ದೀಪ ಹಾಕದೆ, ನೈಟ್ ಮೋಡ್ ಆರಿಸದೆ ಅದೇ ಬರಿಯ ತಟ್ಟೆಯನ್ನು ತೆಗೆದಾಗ ಗಾತ್ರ ಹಗಲಿನದಕ್ಕಿಂತ ಎರಡು ಪಟ್ಟು ಹೆಚ್ಚಾಯಿತು. ಹಿಗ್ಗಿಸಿ ನೋಡಿದರೆ ತಟ್ಟೆಯ ಮೇಲೆಲ್ಲ ಕೊಥ್ರೂಡ್‌ನವರು ಹೇಳಿದ ಬಣ್ಣಬಣ್ಣದ ಚುಕ್ಕೆಗಳು.

ಈ ಚಿತ್ರಗಳನ್ನು ಸಮಿತಿಯ ಹಿರಿಯರಿಗೂ ತೋರಿಸಿದೆ. ಅವರು ಬಹಳ ಆಸಕ್ತಿಯಿಂದ ನೋಡಿ, 5 ಎಂಬಿಯ ಮಾತನ್ನು ಬಿಟ್ಟು ಪ್ರತಿಯೊಂದು ಚಿತ್ರವನ್ನೂ ಹಿಗ್ಗಿಸಿ ನೋಡಿಯೇ ಆರಿಸೋಣ ಎಂದಿದ್ದಾರೆ. ಆ ಕೆಲಸಕ್ಕೆ ತಾವೂ ಜೊತೆಗೆ ಕೂಡುವುದಾಗಿ ಹೇಳಿದ್ದಾರೆ.

ಉಳಿದಿರುವುದು ಎರಡು ಪ್ರಶ್ನೆಗಳು. ಹೆಚ್‌ಇಐಸಿ ಫೈಲ್‌ಗಳನ್ನು ಮುದ್ರಣಾಲಯಕ್ಕೆ ಹಾಗೆಯೇ ಕೊಡಬಹುದೇ? ಮೋಶನ್ ಫೋಟೊದೊಳಗಿನ ವಿಡಿಯೊವನ್ನು ತೆಗೆಯದೆ ಕೊಟ್ಟರೆ ತೊಂದರೆಯಾಗುತ್ತದೆಯೇ?


ಉತ್ತರ: ಪಣಜಿಯ ಮುದ್ರಣದವ

ಮೇಡಂ, ಹೆಚ್‌ಇಐಸಿಯನ್ನು ಎಲ್ಲ ಮುದ್ರಣಾಲಯಗಳ ಸಾಫ್ಟ್‌ವೇರ್ ತೆರೆಯುವುದಿಲ್ಲವಾದ್ದರಿಂದ ಮೊದಲೇ ಕೇಳಿಕೊಳ್ಳುವುದು ಒಳಿತು. ಬೇಡವೆಂದರೆ ಒಮ್ಮೆ ಮಾತ್ರ, ಅತಿ ಹೆಚ್ಚಿನ ಗುಣಮಟ್ಟವನ್ನು ಆರಿಸಿ, ಜೆಪೆಗ್‌ಗೆ ಬದಲಾಯಿಸಿ ಕೊಡಿ. ಫೈಲ್ ಎರಡು ಪಟ್ಟೋ ಮೂರು ಪಟ್ಟೋ ದೊಡ್ಡದಾಗುತ್ತದೆ. ಚಿತ್ರದಲ್ಲಿ ಹೊಸ ವಿವರವೇನೂ ಸೇರಿರುವುದಿಲ್ಲ, ಕಳೆದಿರುವುದೂ ಕಣ್ಣಿಗೆ ಕಾಣುವಷ್ಟಿರುವುದಿಲ್ಲ. ಮೂಲ ಹೆಚ್‌ಇಐಸಿ ಫೈಲ್‌ಗಳನ್ನು ಅಳಿಸದೆ ಸಂಘದ ಸಂಗ್ರಹದಲ್ಲಿ ಇಟ್ಟುಕೊಳ್ಳಿ. ಮುಂದಿನ ಕಾರ್ಯಕ್ರಮಗಳಿಗೆ ಈ ತೊಡಕೇ ಬೇಡವೆಂದರೆ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್ ತೆರೆದು 'ಮೋಸ್ಟ್ ಕಂಪ್ಯಾಟಿಬಲ್' ಎಂಬುದನ್ನು ಆರಿಸಿದರೆ ಚಿತ್ರಗಳು ನೇರವಾಗಿ ಜೆಪೆಗ್ ಆಗಿಯೇ ಉಳಿಯುತ್ತವೆ.

ಮೋಶನ್ ಫೋಟೊದ ವಿಡಿಯೊ ಅಚ್ಚಿಗೆ ಅಡ್ಡಿಯಾಗುವುದಿಲ್ಲ, ಪುಟವಿನ್ಯಾಸದ ಸಾಫ್ಟ್‌ವೇರ್ ಅದನ್ನು ಗಮನಿಸದೆ ಮುಂದೆ ಹೋಗುತ್ತದೆ. ಆದರೆ ಶಟರ್ ಒತ್ತುವ ಮೊದಲು ಅಕ್ಕಪಕ್ಕದವರು ಆಡಿದ ಮಾತುಗಳೂ ಆ ವಿಡಿಯೊದಲ್ಲಿ ಸೇರಿರಬಹುದು. ಬೇರೆಯವರ ಖಾಸಗಿ ಮಾತು ಮುದ್ರಣಾಲಯದವರೆಗೆ ಬರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅನೇಕ ಫೋನುಗಳ ಗ್ಯಾಲರಿಯಲ್ಲಿ ಅದನ್ನು ಬರಿಯ ಫೋಟೊ ಆಗಿ ಪ್ರತ್ಯೇಕಿಸಿ ಉಳಿಸುವ ಅವಕಾಶವಿದೆ. ಆ ಸದಸ್ಯರಿಂದಲೇ ಹಾಗೆ ಮಾಡಿಸಿ, ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.